ಮಾದರಿ ಯುದ್ಧವಿಮಾನಕ್ಕೆ ಪೆಟ್ರೋಲ್ ಎಂಜಿನ್

ರೇಡಿಯೊ ನಿಯಂತ್ರಣದಲ್ಲಿ ಹಾರುವ ಮಾದರಿ ಯುದ್ಧವಿಮಾನಗಳಿಗೆ ಜೋಡಿಸುವ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ನಡೆಯುವ ಸಣ್ಣ ಎಂಜಿನ್. ಗಾತ್ರ ಸಾಮಾನ್ಯವಾಗಿ 20ರಿಂದ 120 ಸಿಸಿ. ಬಹುಪಾಲು ಒಂದೇ ಸಿಲಿಂಡರಿನವು, ಟೂ-ಸ್ಟ್ರೋಕ್ ಜಾತಿಯವು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥವು. ಯುದ್ಧವಿಮಾನ ಎಂದರೆ ಇಲ್ಲಿ ಮುಖ್ಯವಾಗಿ ಎರಡನೆಯ ಮಹಾಯುದ್ಧದ ಕಾಲದ ಪ್ರೊಪೆಲರ್ ವಿಮಾನಗಳು: ಸ್ಪಿಟ್‌ಫೈರ್, ಹರಿಕೇನ್, ಟೆಂಪೆಸ್ಟ್, ಹಾರ್ವರ್ಡ್ ಮೊದಲಾದವು. ಎಂಜಿನ್ ಆಯ್ಕೆಯ ಪಟ್ಟಿಗಳು ಹೆಚ್ಚಾಗಿ ಸಮುದ್ರಮಟ್ಟದ, ತಂಪು ಹವೆಯ ದೇಶಗಳಲ್ಲಿ ತಯಾರಾದವು. ಪುಣೆಯಂಥ ಊರಿನಲ್ಲಿ ಅವನ್ನು ಹಾಗೆಯೇ ನಂಬಲು ಬರುವುದಿಲ್ಲ. ಪುಣೆಗೆ ಹೇಳಿದ ಮಾತು ಹೆಚ್ಚುಕಡಿಮೆ ಬೆಳಗಾವಿ, ಧಾರವಾಡ, ಮೈಸೂರು, ಬೆಂಗಳೂರುಗಳಿಗೂ ಸಲ್ಲುತ್ತದೆ.

ಚರಿತ್ರೆ

ಮಾದರಿ ವಿಮಾನಗಳಿಗೆ ಮೊದಲು ಬಂದದ್ದೇ ಪೆಟ್ರೋಲ್ ಎಂಜಿನ್. ಅಮೆರಿಕದ ಬಿಲ್ ಬ್ರೌನ್ 1930ರ ದಶಕದಲ್ಲಿ ರೂಪಿಸಿದ ಸುಮಾರು 10 ಸಿಸಿಯ ಬ್ರೌನ್ ಜೂನಿಯರ್ ಆ ಕಾಲದ ಹುಡುಗರ ಕನಸಿನ ವಸ್ತು. ಆದರೆ ಕಿಡಿ ಹುಟ್ಟಿಸಲು ಬೇಕಾದ ಕಾಯಿಲ್, ಬ್ಯಾಟರಿ, ಕಂಡೆನ್ಸರ್‌ಗಳ ಭಾರ ಸಣ್ಣ ವಿಮಾನಕ್ಕೆ ದುಬಾರಿಯಾಗಿತ್ತು. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ ಅನ್ನು ಮಾರುಕಟ್ಟೆಗೆ ತಂದ ಮೇಲೆ ಮೆಥನಾಲಿನ ಎಂಜಿನ್ನುಗಳು ಮೂರು ದಶಕ ಆಳಿದವು. ಪೆಟ್ರೋಲ್ ಮರಳಿ ಬಂದದ್ದು ತೋಟದ ದಾರಿಯಿಂದ. ಮರ ಕೊಯ್ಯುವ ಗರಗಸ, ಹುಲ್ಲು ಕತ್ತರಿಸುವ ಯಂತ್ರಗಳ ಎಂಜಿನ್ನನ್ನು ಬಿಚ್ಚಿ ವಿಮಾನಕ್ಕೆ ಕಟ್ಟುವ ಪ್ರಯೋಗ 1970ರ ದಶಕದ ಕೊನೆಯ ಹೊತ್ತಿಗೆ ಕ್ವಾಡ್ರಾ ಎಂಜಿನ್ನಿನೊಂದಿಗೆ ಗಟ್ಟಿಯಾಯಿತು. ಅನಂತರ ಜಪಾನಿನ ಜೆನೋವಾ ಜಿ-38, ಜಿ-62ಗಳು ಯುದ್ಧವಿಮಾನ ಕಟ್ಟುವವರ ಮೆಚ್ಚಿನ ಎಂಜಿನ್ನುಗಳಾದವು. ಮ್ಯಾಗ್ನೆಟೊ ಇದ್ದುದರಿಂದ ಭಾರ, ಆದರೆ ಬ್ಯಾಟರಿಯ ಹಂಗಿಲ್ಲ. ಇಂದು ಚೀನಾದ ಡಿಎಲ್‌ಇ, ಅಮೆರಿಕದ ಡೆಸರ್ಟ್ ಏರ್‌ಕ್ರಾಫ್ಟ್, ಜರ್ಮನಿಯ 3ಡಬ್ಲ್ಯೂ, ಜಪಾನಿನ ಸೈಟೊ ಹೆಸರುಗಳು ಮುಂದಿವೆ. ಗರಗಸದ ವಂಶದ ಗುರುತಾಗಿ ವಾಲ್ಬ್ರೊ ಮಾದರಿಯ ಪೊರೆಯ ಕಾರ್ಬ್ಯುರೇಟರ್ ಬಹುತೇಕ ಎಲ್ಲದರಲ್ಲೂ ಉಳಿದಿದೆ.

ಭಾರತದಲ್ಲಿ ಮಾದರಿ ವಿಮಾನದ ಹವ್ಯಾಸ ಬಹುಮಟ್ಟಿಗೆ ಎನ್‌ಸಿಸಿ ವಾಯುದಳದ ಮೂಲಕ ಬೆಳೆಯಿತು. ಅಲ್ಲಿ ಕೈಗೆ ಸಿಕ್ಕಿದ್ದು ಕೋಲ್ಕತ್ತಾದ ಅರೋರಾ ಹೆಸರಿನ ಸಣ್ಣ ಡೀಸಲ್ ಎಂಜಿನ್ನುಗಳು. ಈಥರ್, ಸೀಮೆಎಣ್ಣೆ, ಹರಳೆಣ್ಣೆಯ ಮಿಶ್ರಣದಲ್ಲಿ ಅವು ನಡೆಯುತ್ತಿದ್ದವು. ದೊಡ್ಡ ಪೆಟ್ರೋಲ್ ಎಂಜಿನ್ ಇಲ್ಲಿನ ಹವ್ಯಾಸಿಗೆ ಇಂದಿಗೂ ಆಮದಿನ ಸರಕೇ. ಸ್ಕೂಟರ್ ಎಂಜಿನ್ನಿಗೂ ಆಯಿಲ್ ಎಂಜಿನ್ನಿಗೂ ಹೆಸರಾದ ಪುಣೆಯಲ್ಲಿ ಇಂಥದೊಂದು ಹುಟ್ಟದಿದ್ದುದು ಸೋಜಿಗ.

ಅಳತೆಯ ಲೆಕ್ಕ

ಕೊಳ್ಳುವವರು ಮೊದಲು ಕೇಳುವುದು ಎಷ್ಟು ಸಿಸಿ ಎಂದು. ಲೆಕ್ಕ ಅಲ್ಲಿಂದ ಶುರುವಾಗಬಾರದು. ವಿಮಾನವನ್ನು 1/5 ಅಳತೆಗೆ ಇಳಿಸಿದರೆ ಉದ್ದ ಐದರಲ್ಲೊಂದಾಗುತ್ತದೆ, ಗಾತ್ರ ಮತ್ತು ತೂಕ 125ರಲ್ಲೊಂದು. ಮೂಲದಂತೆಯೇ ಹಾರಬೇಕಾದರೆ ವೇಗ ಅಳತೆಯ ವರ್ಗಮೂಲದಷ್ಟು ಇಳಿಯಬೇಕು. ಶಕ್ತಿ ಎಂದರೆ ಬಲ ಮತ್ತು ವೇಗದ ಗುಣಲಬ್ಧವಾದ್ದರಿಂದ ಅದು ಅಳತೆಯ ಮೂರೂವರೆ ಘಾತದಷ್ಟು, ಅಂದರೆ 1/5ರಲ್ಲಿ ಸುಮಾರು 280ರಲ್ಲೊಂದು ಭಾಗದಷ್ಟು, ಇಳಿಯುತ್ತದೆ.

1944ರಲ್ಲಿ ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ ಪಡೆದ ಸ್ಪಿಟ್‌ಫೈರ್ ಮಾರ್ಕ್ 8 ಅನ್ನು ತೆಗೆದುಕೊಳ್ಳೋಣ. ಅದರ ಮರ್ಲಿನ್ ಎಂಜಿನ್ 27 ಲೀಟರಿನದು, ಶಕ್ತಿ ಸ್ಥೂಲವಾಗಿ 1,500 ಅಶ್ವಶಕ್ತಿ. 1/5 ಮಾದರಿಗೆ ಇದು 5.4 ಅಶ್ವಶಕ್ತಿಯಾಗುತ್ತದೆ. ಗಾತ್ರವನ್ನೇ ಇಳಿಸಿದ್ದರೆ 216 ಸಿಸಿ ಬೇಕಿತ್ತು. ಆದರೆ ಮರ್ಲಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಮಾಡುವ ಕೆಲಸವನ್ನು ಸಣ್ಣ ಎಂಜಿನ್ 7,000 ಸುತ್ತಿನಲ್ಲಿ ಮಾಡುತ್ತದೆ. ಡಿಎಲ್‌ಇ-55ಕ್ಕೆ ತಯಾರಕರು ಕೊಡುವ ಅಂಕಿ 7,500 ಸುತ್ತಿನಲ್ಲಿ 5.5 ಅಶ್ವಶಕ್ತಿ. 1/5 ಸ್ಪಿಟ್‌ಫೈರಿಗೆ 50ರಿಂದ 60 ಸಿಸಿ ಎಂಬ ರೂಢಿಯ ಮಾತಿಗೆ ಹೀಗೊಂದು ಆಧಾರ ಸಿಗುತ್ತದೆ.

ಇಲ್ಲಿ ಎರಡು ತಿದ್ದುಪಡಿ ಬೇಕು. ಮೊದಲನೆಯದು, ಮೂಲದ 3.5 ಟನ್ನನ್ನು ಇಳಿಸಿದರೆ ಮಾದರಿ 28 ಕಿಲೊ ಆಗಬೇಕು, ಕಟ್ಟುವವರು 10–12 ಕಿಲೊದಲ್ಲೇ ಮುಗಿಸುತ್ತಾರೆ. ಮೂಲದ ಗಂಟೆಗೆ 650 ಕಿ.ಮೀ. ವೇಗವನ್ನು ಇಳಿಸಿದರೆ 290 ಕಿ.ಮೀ., ಆ ವೇಗವನ್ನು ಯಾರೂ ಬಯಸುವುದಿಲ್ಲ. ಆದ್ದರಿಂದ ಮಟ್ಟಸ ಹಾರಾಟಕ್ಕೆ ಬೇಕಾದ ಶಕ್ತಿ 5.4ರ ಅರ್ಧಕ್ಕಿಂತಲೂ ಕಡಿಮೆ. ಮಿಕ್ಕಿದ್ದು ಹುಲ್ಲಿನ ನೆಲದಿಂದ ಏಳುವುದಕ್ಕೆ, ಲೂಪಿನ ಮೇಲ್ತುದಿ ಮುಟ್ಟುವುದಕ್ಕೆ. ಎರಡನೆಯದು, ಪಟ್ಟಿಯ ಅಶ್ವಶಕ್ತಿ ಹೆಚ್ಚು ಸುತ್ತಿನಲ್ಲಿ ಅಳೆದದ್ದು. ಯುದ್ಧವಿಮಾನದ ಅಗಲ ಮೂತಿಯ ಮುಂದೆ ದೊಡ್ಡ ಪ್ರೊಪೆಲರ್ ಹಾಕಿ 6,500 ಸುತ್ತಿನಲ್ಲಿ ನಡೆಸಿದರೆ ಅಷ್ಟು ಶಕ್ತಿ ಹೊರಬರುವುದೇ ಇಲ್ಲ.

ಹೀಗಾಗಿ ಆಯ್ಕೆ ಪ್ರೊಪೆಲರಿನಿಂದ ಹಿಂದಕ್ಕೆ ಬರಬೇಕು. ಸ್ಪಿಟ್‌ಫೈರಿನ ಪ್ರೊಪೆಲರ್ ವ್ಯಾಸ ಸುಮಾರು 3.3 ಮೀಟರ್, ಐದನೇ ಒಂದಕ್ಕೆ 26 ಅಂಗುಲ. 55 ಸಿಸಿ ಎಂಜಿನ್ ಹಿತವಾಗಿ ತಿರುಗಿಸುವುದು 22 ಅಥವಾ 23 ಅಂಗುಲದ ಎರಡು ಅಲಗಿನದನ್ನು. 62 ಸಿಸಿಯಾದರೆ 24ರವರೆಗೆ ಹೋಗಬಹುದು. ನೋಡಲು ಸರಿಯಾದ 26 ಬೇಕೆನ್ನುವವರು 85 ಸಿಸಿಗೆ ಏರಬೇಕು. ಟೆಂಪೆಸ್ಟ್ 2ರಲ್ಲಿ ಈ ಕಷ್ಟ ಇನ್ನೂ ದೊಡ್ಡದು. ಅದರ 3.9 ಮೀಟರ್ ಪ್ರೊಪೆಲರ್ 1/5ರಲ್ಲಿ 30 ಅಂಗುಲ ದಾಟುತ್ತದೆ, ಅದಕ್ಕೆ 100 ಸಿಸಿಯೂ ಸಾಲದು. ನಾಲ್ಕೈದು ಅಲಗಿನ ಪ್ರೊಪೆಲರ್ ಪ್ರದರ್ಶನದ ಮೇಜಿಗೆ, ಎರಡು ಅಲಗಿನದು ಹಾರಾಟಕ್ಕೆ ಎಂಬ ಒಪ್ಪಂದವೇ ವಾಸಿ.

ಪುಣೆಯ ಗಾಳಿ

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಎತ್ತರದಿಂದಷ್ಟೇ ಗಾಳಿಯ ಸಾಂದ್ರತೆ ಶೇ. 5ರಷ್ಟು ಕುಗ್ಗುತ್ತದೆ. ಏಪ್ರಿಲಿನ 35 ಡಿಗ್ರಿ ಸೇರಿದರೆ ಕೊರತೆ ಶೇ. 12–13. ಸುಮಾರು 920 ಮೀಟರಿನ ಬೆಂಗಳೂರಿನಲ್ಲಿ 30 ಡಿಗ್ರಿಗೇ ಶೇ. 15. ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಇಳಿಯುತ್ತದೆ.

ಟ್ಯಾಕೊಮೀಟರ್ ಇದನ್ನು ತೋರಿಸುವುದಿಲ್ಲ. ಗಾಳಿ ತೆಳುವಾದಾಗ ಎಂಜಿನ್ ಸೋಲುವಷ್ಟೇ ಪ್ರೊಪೆಲರಿನ ಹೊರೆಯೂ ಇಳಿಯುತ್ತದೆ. ಆದ್ದರಿಂದ ಮುಂಬಯಿಯಲ್ಲಿ 6,800 ಸುತ್ತು ತೋರಿಸಿದ ಎಂಜಿನ್ ಪುಣೆಯಲ್ಲೂ ಸುಮಾರು ಅಷ್ಟನ್ನೇ ತೋರಿಸುತ್ತದೆ. ಕಡಿಮೆಯಾಗಿರುವುದು ಎಳೆತ. ಅದನ್ನು ನೋಡಲು ಬಾಲಕ್ಕೆ ತೂಕದ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಸುವುದೊಂದೇ ನೇರ ದಾರಿ. ಅದೇ ತೆಳುಗಾಳಿ ರೆಕ್ಕೆಯನ್ನೂ ಬಾಧಿಸುತ್ತದೆ. ಸ್ಟಾಲ್ ವೇಗ ಶೇ. 7ರಷ್ಟು ಏರುತ್ತದೆ, ನೆಲದ ಓಟ ಉದ್ದವಾಗುತ್ತದೆ. ಭಾರದ, ಕಿರಿದು ರೆಕ್ಕೆತುದಿಯ ಯುದ್ಧವಿಮಾನಗಳು ಬೀಳುವುದು ಹೆಚ್ಚಾಗಿ ನೆಲ ಬಿಟ್ಟೇಳುವ ಈ ಘಳಿಗೆಯಲ್ಲೇ. ಪಟ್ಟಿಯಲ್ಲಿ ಎರಡು ಗಾತ್ರ ಕೊಟ್ಟಿದ್ದರೆ ದಖ್ಖನ್ನಿನವರು ದೊಡ್ಡದನ್ನೇ ಹಿಡಿಯಬೇಕು ಎಂಬ ಸಲಹೆಗೆ ಕಾರಣ ಇದು. ಪ್ರೊಪೆಲರ್ ವ್ಯಾಸವನ್ನು ಒಂದು ಅಂಗುಲ ಹೆಚ್ಚಿಸಿ ಪಿಚ್ ಇಳಿಸುವುದೂ ನೆರವಾಗುತ್ತದೆ.

ಇಂಧನ

ಗ್ಲೋ ಎಂಜಿನ್ನಿಗೆ ಬೇಕಾದ ಮೆಥನಾಲ್, ನೈಟ್ರೊಮೀಥೇನ್‌ಗಳನ್ನು ಭಾರತದಲ್ಲಿ ಹೊಂದಿಸುವುದು ತಲೆನೋವು. ಪೆಟ್ರೋಲ್ ಬಂಕಿನಲ್ಲೇ ಸಿಗುತ್ತದೆ, 2ಟಿ ಆಯಿಲ್ ಬೈಕ್ ಅಂಗಡಿಯಲ್ಲಿ. ಪೆಟ್ರೋಲ್ ಎಂಜಿನ್ನಿನ ಪರವಾದ ದೊಡ್ಡ ವಾದ ಇಲ್ಲಿ ಇದೇ. ಎಣ್ಣೆಯ ಪ್ರಮಾಣ ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 30ರಿಂದ 50 ಭಾಗ ಪೆಟ್ರೋಲಿಗೆ ಒಂದು ಭಾಗ. ರನ್ನಿಂಗ್-ಇನ್ ಮುಗಿಯುವವರೆಗೆ ಎಣ್ಣೆಯ ಕಡೆಗೆ ಧಾರಾಳವಾಗಿರುವುದು ಒಳಿತು.

ತೊಡಕು ಎಥನಾಲಿನದು. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಚಾಲನೆ ಸಿಕ್ಕಿತು. ಈಗ ದೇಶದಾದ್ಯಂತ ಅದೇ ಸಾಮಾನ್ಯ ಪೆಟ್ರೋಲ್. ಎಥನಾಲ್ ತೇವ ಹೀರುತ್ತದೆ, ಕಾರ್ಬ್ಯುರೇಟರಿನ ಹಳೆಯ ಬಗೆಯ ರಬ್ಬರ್ ಪೊರೆಯನ್ನು ಬಿರುಸಾಗಿಸುತ್ತದೆ ಅಥವಾ ಉಬ್ಬಿಸುತ್ತದೆ. ಅಳತೆ ಗೆರೆಯ ಗಾಜಿನ ಕೊಳವೆಯಲ್ಲಿ 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಸೇರಿಸಿ ಕುಲುಕಿ ನಿಲ್ಲಿಸಿದರೆ, ತಳದ ನೀರಿನ ಪದರ ಹಿಗ್ಗಿದಷ್ಟು ಎಥನಾಲ್ ಇದೆಯೆಂದು ತಿಳಿಯಬಹುದು. ಇ20 ಆದರೆ ಪದರ 30ರ ಹತ್ತಿರ ಬರುತ್ತದೆ. 100 ಆಕ್ಟೇನಿನ ದುಬಾರಿ ಪೆಟ್ರೋಲುಗಳಲ್ಲಿ ಎಥನಾಲ್ ಇಲ್ಲವೆಂಬ ಮಾತು ಹವ್ಯಾಸಿಗಳಲ್ಲಿದೆ. ಕೊಂಡಾಗ ಇದೇ ಪರೀಕ್ಷೆ ಮಾಡಿ ನೋಡುವುದು ಕ್ಷೇಮ. ನೀರು ಹಾಕಿ ಎಥನಾಲನ್ನು ತೊಳೆದು ತೆಗೆಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಉಳಿದ ತೇವ ಮತ್ತು ಕುಸಿದ ಆಕ್ಟೇನ್ ಎರಡನ್ನೂ ನೆನೆದರೆ ಅದು ಒಪ್ಪತಕ್ಕದ್ದಲ್ಲ.

ಟ್ಯೂನಿಂಗಿನಲ್ಲಿ ಒಂದು ಆಕಸ್ಮಿಕ ಅನುಕೂಲವೂ ಇದೆ. ತೆಳುಗಾಳಿಯಲ್ಲಿ ಕಾರ್ಬ್ಯುರೇಟರ್ ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚು ಬಿಡುತ್ತದೆ. ಪುಣೆಯ ಬೇಸಿಗೆಯಲ್ಲಿ ಇದು ಶೇ. 6–7ರ ಆಸುಪಾಸು. ಇ20ಗೆ ಬೇಕಾದ ಗಾಳಿಯ ಪ್ರಮಾಣ ಶುದ್ಧ ಪೆಟ್ರೋಲಿನ 14.7ರಿಂದ 13.5ಕ್ಕೆ ಇಳಿಯುವುದರಿಂದ ಅದು ಮಿಶ್ರಣವನ್ನು ಶೇ. 8ರಷ್ಟು ಬಡವಾಗಿಸುತ್ತದೆ. ಒಂದನ್ನೊಂದು ಹೆಚ್ಚುಕಡಿಮೆ ಕಳೆದುಕೊಳ್ಳುವುದರಿಂದ ಕಾರ್ಖಾನೆಯಲ್ಲಿ ಕೂರಿಸಿದ ಕಾರ್ಬ್ಯುರೇಟರಿನ ಸೂಜಿಗಳು ಇಲ್ಲಿ ಆಶ್ಚರ್ಯವಾಗುವಷ್ಟು ಹತ್ತಿರಕ್ಕೆ ಬರುತ್ತವೆ. ಡಿಸೆಂಬರಿನ ತಂಪು ಬೆಳಗಿನಲ್ಲಿ ಈ ಲೆಕ್ಕ ತಪ್ಪುತ್ತದೆ, ಗಾಳಿ ದಟ್ಟವಾಗಿ ಮಿಶ್ರಣ ಬಡವಾಗುತ್ತದೆ, ಎಂಜಿನ್ ಕಾಯುತ್ತದೆ. ಚಳಿಗಾಲದ ಮೊದಲ ಹಾರಾಟಕ್ಕೆ ಮುಂಚೆ ಹೆಚ್ಚು ವೇಗದ (ಹೈ) ಸೂಜಿಯನ್ನು ಸ್ವಲ್ಪ ತೆರೆಯಬೇಕು.

ಗ್ಲೋ ಎಂಜಿನ್ನಿನಿಂದ ಬಂದವರು ಹಳೆಯ ಸಿಲಿಕೋನ್ ಪೈಪನ್ನೇ ಬಳಸುವುದುಂಟು. ಪೆಟ್ರೋಲಿನಲ್ಲಿ ಅದು ಉಬ್ಬಿ ಹಾಳಾಗುತ್ತದೆ. ಟ್ಯಾಂಕಿನ ಬಿರಡೆ, ಪೈಪುಗಳೆಲ್ಲ ಪೆಟ್ರೋಲ್ ತಡೆಯುವಂಥವೇ ಆಗಬೇಕು.

ಮೂತಿಯ ಜಾಗ

ಯುದ್ಧವಿಮಾನಗಳ ಮೂತಿ ಎರಡು ಬಗೆ. ಹಾರ್ವರ್ಡ್, ಟೆಂಪೆಸ್ಟ್ 2ರಂಥ ರೇಡಿಯಲ್ ಎಂಜಿನ್ನಿನವುಗಳ ದುಂಡು ಕೌಲಿನಲ್ಲಿ ಯಾವ ಎಂಜಿನ್ನೂ ಹಿಡಿಸುತ್ತದೆ. ಸ್ಪಿಟ್‌ಫೈರಿನ ಸಪೂರ ಮೂತಿಯಲ್ಲಿ ಸಿಲಿಂಡರಿನ ತಲೆ, ಪಕ್ಕಕ್ಕೆ ಚಾಚಿದ ಸೈಲೆನ್ಸರ್, ಕಾರ್ಬ್ಯುರೇಟರ್ ಮೂರೂ ಹೊರಗೆ ಇಣುಕುತ್ತವೆ. ಅಲ್ಲಿ ಹೊಗೆದಾರಿಯೂ ಕಾರ್ಬ್ಯುರೇಟರೂ ಹಿಂದಕ್ಕಿರುವ ಎಂಜಿನ್ನೇ ಬೇಕು. ಡಿಎಲ್‌ಇ ಹೆಸರುಗಳ ಕೊನೆಯ ಆರ್‌ಎ ಅಕ್ಷರಗಳು ಹಿಂಬದಿಯ ಹೊಗೆದಾರಿಯ ಗುರುತು. ಕೌಲಿನ ಹೊರ ಅಂಚಿನಿಂದ ಎಂಜಿನ್ ಕೂರುವ ಫೈರ್‌ವಾಲ್‌ವರೆಗಿನ ದೂರವನ್ನು ಅಳೆದ ಮೇಲೆಯೇ ಹಣ ಕಟ್ಟಬೇಕು.

ಹರಿಕೇನಿನಂಥ ಮೊಟಕು ಮೂತಿಯ ಮಾದರಿಗಳಲ್ಲಿ ಬಾಲ ಭಾರವಾಗಿ ಮೂತಿಗೆ ಸೀಸ ತುಂಬಬೇಕಾಗುತ್ತದೆ. ಸೀಸ ಹೊರುವ ಬದಲು ಎರಡು ಕಿಲೊ ತೂಗುವ ಹಳೆಯ ಜೆನೋವಾವನ್ನು ಹೊರುವುದು ಜಾಣತನ. ಕ್ರೀಡಾ ವಿಮಾನಕ್ಕೆ ದೋಷವೆನಿಸುವ ಭಾರ ಇಲ್ಲಿ ಗುಣ.

ತಂಪಿನ ವಿಷಯದಲ್ಲಿ ರೂಢಿಯ ಸೂತ್ರ ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಗಿಂತ ಎರಡು ಪಟ್ಟಾದರೂ ಇರಲಿ ಎಂಬುದು. ಒಳಬಂದ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ನುಗ್ಗುವಂತೆ ತೆಳು ಹಲಗೆಯ ತಡೆ ಕಟ್ಟದಿದ್ದರೆ ದೊಡ್ಡ ಕಿಂಡಿಯಿಂದಲೂ ಪ್ರಯೋಜನವಿಲ್ಲ.

ಸಿಲಿಂಡರ್ ಮತ್ತು ಸದ್ದು

ಎರಡು ಸಿಲಿಂಡರಿನವು ಅದುರುವುದು ಕಡಿಮೆ, ಬೆಲೆ ಜಾಸ್ತಿ. ಸೈಟೊದ ಮೂರು ಸಿಲಿಂಡರಿನ ಎಫ್‌ಜಿ-60ಆರ್3 ಮತ್ತು ಮೋಕಿಯ ಐದು ಸಿಲಿಂಡರಿನ ಫೋರ್-ಸ್ಟ್ರೋಕ್ ರೇಡಿಯಲ್ಲುಗಳು ಹಾರ್ವರ್ಡಿಗೆ ನಿಜದ ಸದ್ದು ಕೊಡುತ್ತವೆ. ಆ ಸದ್ದಿಗೆ ತೆರುವ ಬೆಲೆ ಮಾತ್ರ ವಿಮಾನದ ಬೆಲೆಯನ್ನೇ ಮೀರಬಹುದು.

ಕಾನೂನು

2021ರ ಡ್ರೋನ್ ನಿಯಮಗಳು 25 ಕಿಲೊ ಮೀರದ, ಕಣ್ಣಳತೆಯಲ್ಲೇ ಹಾರುವ, ಹವ್ಯಾಸ ಅಥವಾ ಕಲಿಕೆಗಷ್ಟೇ ಬಳಸುವ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟಿನಿಂದ ವಿನಾಯಿತಿ ಕೊಟ್ಟಿವೆ. ದೊಡ್ಡ ಎಂಜಿನ್ನಿನ ಆಸೆಗೆ ಇದೇ ಮೇಲ್ಮಿತಿ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಅವಕಾಶವಿದೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 60 ಮೀಟರ್. ಲೋಹಗಾಂವ್ ವಾಯುನೆಲೆ, ಖಡಕವಾಸ್ಲಾದ ಎನ್‌ಡಿಎ ಎರಡೂ ಇರುವ ಪುಣೆಯಲ್ಲಿ ಮೈದಾನ ಹುಡುಕುವ ಮುನ್ನ ಈ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಲೇಬೇಕು.

ಮೊದಲ ಆಯ್ಕೆ

ಹೊಸಬರು ಸ್ಪಿಟ್‌ಫೈರಿನಿಂದ ತೊಡಗುವುದು ವಿವೇಕವಲ್ಲ. 1/5 ಹಾರ್ವರ್ಡಿನ ರೆಕ್ಕೆ ಸುಮಾರು 2.56 ಮೀಟರ್. ಅದರ 600 ಅಶ್ವಶಕ್ತಿ ಇಳಿದಾಗ ಎರಡಕ್ಕೆ ತುಸು ಮೇಲೆ ನಿಲ್ಲುತ್ತದೆ, 55 ಸಿಸಿ ಧಾರಾಳ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಇನ್ನೂ ಸುಲಭದ್ದು. ಅದು ಯುದ್ಧವಿಮಾನವಲ್ಲ, ವಾಯುಪಡೆಯ ಪೈಲಟ್‌ಗಳನ್ನು ತರಬೇತುಗೊಳಿಸಿದ ವಿಮಾನ. ಅದರ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ನಿನ ಸಿಲಿಂಡರುಗಳು ತಲೆಕೆಳಗಾಗಿದ್ದುದರಿಂದ ತಲೆಕೆಳಗಾಗಿ ಕೂರಿಸಿದ ಒಂಟಿ ಸಿಲಿಂಡರ್ ಕೌಲಿನೊಳಗೆ ಸಹಜವಾಗಿ ಹೊಂದುತ್ತದೆ. 1/4 ಅಳತೆಯಲ್ಲಿ ರೆಕ್ಕೆ 2.7 ಮೀಟರಿನ ಹತ್ತಿರ, ಬೇಕಾದ ಶಕ್ತಿ ಸುಮಾರು 1.2 ಅಶ್ವಶಕ್ತಿ. ಪುಣೆಯ ತೆಳುಗಾಳಿಯ ಕೊರತೆಯನ್ನು ಕಳೆದ ಮೇಲೆಯೂ ಇದಕ್ಕೆ 35 ಸಿಸಿಯ ಎಂಜಿನ್ ಸಾಕು.