ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಹಂಚಿಕೆ: ರೋಗಿಯ ಸಮ್ಮತಿ ಹಾಗೂ ಗುರುತಿನ ಹೊಂದಾಣಿಕೆ

ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ಅನುಷ್ಠಾನಗೊಳಿಸುತ್ತಿರುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಚಾಲನೆ ನೀಡಲಾಯಿತು. ಇದರಡಿ ನಾಗರಿಕರು 14 ಅಂಕಿಗಳ ಆಭಾ ಸಂಖ್ಯೆ ಹಾಗೂ ಆಭಾ ವಿಳಾಸವನ್ನು ಪಡೆಯಬಹುದಾಗಿದೆ. ನೋಂದಣಿಯು ಐಚ್ಛಿಕವಾಗಿದ್ದು, 2020ರ ಡಿಸೆಂಬರ್‌ನ ಆರೋಗ್ಯ ದತ್ತಾಂಶ ನಿರ್ವಹಣಾ ನೀತಿಯಂತೆ, ಸದರಿ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

ದಾಖಲೆಗಳು ಇರುವ ಸ್ಥಳ:
ರೋಗಿಯ ದಾಖಲೆಗಳನ್ನು ಒಂದೇ ಕೇಂದ್ರ ಸಂಗ್ರಹದಲ್ಲಿ ಇರಿಸುವುದಿಲ್ಲ. ಅವು ಆಯಾ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲಿಯೇ ಇದ್ದು, ರೋಗಿಯ ಸಮ್ಮತಿ ದೊರೆತ ನಂತರ ಮಾತ್ರ ಕೋರಿದವರಿಗೆ ರವಾನೆಯಾಗುತ್ತವೆ.

ಸಮ್ಮತಿ:
ಮತ್ತೊಂದು ಆಸ್ಪತ್ರೆಯು ದಾಖಲೆಗಳನ್ನು ಕೋರಿದಲ್ಲಿ, ರೋಗಿಯ ಮೊಬೈಲ್ ಆ್ಯಪ್‌ಗೆ ಕೋರಿಕೆ ಬರುತ್ತದೆ. ಅದರಲ್ಲಿ ಈ ಕೆಳಕಂಡ ವಿವರಗಳಿರುತ್ತವೆ:
ಅ) ಕೋರಿದವರು ಯಾರು ಮತ್ತು ಉದ್ದೇಶವೇನು
ಆ) ಯಾವ ಬಗೆಯ ದಾಖಲೆ (ಔಷಧ ಚೀಟಿ, ಪ್ರಯೋಗಾಲಯ ವರದಿ, ಬಿಡುಗಡೆ ಸಾರಾಂಶ ಇತ್ಯಾದಿ)
ಇ) ಯಾವ ಅವಧಿಯ ದಾಖಲೆ
ಈ) ಸಮ್ಮತಿಯು ಎಂದಿನವರೆಗೆ ಜಾರಿಯಲ್ಲಿರುತ್ತದೆ

ಕೋರಿಕೆಯನ್ನು ಒಪ್ಪುವ, ತಿರಸ್ಕರಿಸುವ ಹಾಗೂ ನೀಡಿದ ಸಮ್ಮತಿಯನ್ನು ಹಿಂಪಡೆಯುವ ಹಕ್ಕು ರೋಗಿಗೆ ಇರುತ್ತದೆ.

ಗುರುತಿನ ಹೊಂದಾಣಿಕೆ:
ದಾಖಲೆಯು ರೋಗಿಯದ್ದೇ ಆಗಿದ್ದಲ್ಲಿ ಮಾತ್ರ ಸಮ್ಮತಿಗೆ ಅರ್ಥವಿರುತ್ತದೆ. ಹಳೆಯ ದಾಖಲೆಗಳನ್ನು ಹೆಸರು, ಲಿಂಗ, ಜನ್ಮ ವರ್ಷ ಹಾಗೂ ಮೊಬೈಲ್ ಸಂಖ್ಯೆಗಳ ಆಧಾರದಿಂದ ಹುಡುಕಲಾಗುತ್ತದೆ. ಇನಿಷಿಯಲ್ ಒಂದೆಡೆ ಹೆಸರಿನ ಮುಂಚೆ, ಇನ್ನೊಂದೆಡೆ ನಂತರ ಇರುವುದು, ವಯಸ್ಸನ್ನು ಅಂದಾಜಿನಲ್ಲಿ ಬರೆಸುವುದು, ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವುದು ಸಾಮಾನ್ಯ. ಇದರಿಂದ ಸ್ವಂತ ದಾಖಲೆ ಸಿಗದೆ ಹೋಗಬಹುದು. ಅಥವಾ ತಂದೆಯ ರಕ್ತದ ಗುಂಪು, ಔಷಧ ಅಲರ್ಜಿಯ ವಿವರಗಳು ಮಗನ ಹೆಸರಿಗೆ ಸೇರಿ ಚಿಕಿತ್ಸೆಯ ವೇಳೆ ಪ್ರಾಣಾಪಾಯ ಒದಗಬಹುದು. ಒಟಿಪಿಯು ಮೊಬೈಲ್ ಯಾರ ಕೈಯಲ್ಲಿದೆ ಎಂಬುದನ್ನು ದೃಢಪಡಿಸುತ್ತದೆಯೇ ಹೊರತು ದಾಖಲೆ ಯಾರದ್ದೆಂಬುದನ್ನಲ್ಲ.

ನಾಗರಿಕರು ಅನುಸರಿಸಬೇಕಾದ ಕ್ರಮಗಳು:
1. ಆಸ್ಪತ್ರೆಯ ನೋಂದಣಿ ಕೌಂಟರ್‌ನಲ್ಲಿ ಆಭಾ ಸಂಖ್ಯೆ ನೀಡುವುದು. ಹೆಸರು ಮತ್ತು ಜನ್ಮ ದಿನಾಂಕವನ್ನು ಅದರಲ್ಲಿರುವಂತೆಯೇ ಬರೆಸುವುದು.
2. ದಾಖಲೆ ಜೋಡಿಸುವ ಮುನ್ನ ಆಸ್ಪತ್ರೆಯ ಹೆಸರು ಹಾಗೂ ಭೇಟಿಯ ದಿನಾಂಕವನ್ನು ಪರಿಶೀಲಿಸುವುದು.
3. ಬೇರೊಬ್ಬರ ದಾಖಲೆ ಕಂಡುಬಂದಲ್ಲಿ ಜೋಡಿಸದೆ, ಅದನ್ನು ಸೃಜಿಸಿದ ಆಸ್ಪತ್ರೆಗೆ ತಿದ್ದುಪಡಿ ಕೋರಿ ಲಿಖಿತ ಅರ್ಜಿ ಸಲ್ಲಿಸುವುದು.
4. ಅಪರಿಚಿತರಿಗೆ ದೂರವಾಣಿಯಲ್ಲಿ ಒಟಿಪಿ ತಿಳಿಸದಿರುವುದು.
5. ಮೂಲ ಕಾಗದ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಹೆಚ್ಚಿನ ಮಾಹಿತಿಗಾಗಿ ಶುಲ್ಕರಹಿತ ಸಹಾಯವಾಣಿ 14477ನ್ನು ಸಂಪರ್ಕಿಸಬಹುದಾಗಿದೆ.