ಬೆಕ್ಕಿನ ಪೆಟ್ಟಿಗೆಯೂ ಬೆಂಗಳೂರಿನ ಅತಿಥಿಯೂ

ಆಷಾಢದ ಒಂದು ಸಂಜೆ ಗುಂಡ್ಯದಲ್ಲಿ ಸಿಕ್ಕಿಕೊಂಡಿದ್ದೆ. ಶಿರಾಡಿ ಘಾಟಿಯಲ್ಲಿ ಎಲ್ಲಿಯೋ ಗುಡ್ಡ ಜರಿದಿತ್ತು. ಬೆಂಗಳೂರಿನ ಬಸ್ಸು ಆ ಜಾಗವನ್ನು ದಾಟಿತೋ, ಆಚೆಗೇ ನಿಂತಿತೋ ಎಂದು ಚಹದಂಗಡಿಯಲ್ಲಿ ವಾದ ನಡೆದಿತ್ತು. ಮೂಲೆಯಲ್ಲಿದ್ದ ಹಿರಿಯರೊಬ್ಬರು, "ಗೊತ್ತಿಲ್ಲದ್ದು ನಮಗೆ ಮಾರಾಯ್ರೆ, ಬಸ್ಸಿಗೆ ಗೊತ್ತುಂಟು" ಎಂದು ವಾದವನ್ನು ಮುಗಿಸಿಬಿಟ್ಟರು.

ಕನ್ನಡ ಪಾಠ ಹೇಳುವ ನಾನು ಭೌತವಿಜ್ಞಾನದ ಅಂಗಳಕ್ಕೆ ಕಾಲಿಡುವುದು ಉದ್ಧಟತನವೇ ಸರಿ. ಆದರೂ ಆ ಮಾತು ಐನ್‌ಸ್ಟೈನರ ಮನಸ್ಸಿಗೆ ಎಷ್ಟು ಹತ್ತಿರವೆಂದು ನನಗೆ ಬೆರಗಾಯಿತು. ಪರಮಾಣುವಿನ ಲೋಕದಲ್ಲಿ ನಿಶ್ಚಯವಿಲ್ಲ, ಸಂಭವನೀಯತೆಯೊಂದೇ ಉಂಟು ಎಂದು 1926ರಲ್ಲಿ ಮ್ಯಾಕ್ಸ್ ಬಾರ್ನ್ ಸಾರಿದಾಗ, ದೇವರು ದಾಳ ಉರುಳಿಸುವವನಲ್ಲವೆಂದು ಐನ್‌ಸ್ಟೈನರು ಆತನಿಗೇ ಬರೆದರು. 1935ರ ಕೊನೆಯಲ್ಲಿ ಶ್ರೋಡಿಂಗರರು ಬೆಕ್ಕನ್ನು ತಂದು ಕೂರಿಸಿದರು, ಕಲ್ಪನೆಯಲ್ಲಿ ಮಾತ್ರ. ಉಕ್ಕಿನ ಪೆಟ್ಟಿಗೆಯಲ್ಲಿ ಬೆಕ್ಕು. ಜೊತೆಗೆ ತುಸು ವಿಕಿರಣ ವಸ್ತು. ಒಂದು ಗಂಟೆಯೊಳಗೆ ಅದರ ಒಂದು ಪರಮಾಣು ಸಿಡಿದರೆ ಸುತ್ತಿಗೆ ಬಿದ್ದು ವಿಷದ ಸೀಸೆ ಒಡೆಯುವುದು. ಸಿಡಿಯದಿರುವ ಸಂಭವವೂ ಅಷ್ಟೇ. ಗಣಿತವನ್ನೇ ನಂಬಿದರೆ, ಮುಚ್ಚಳ ತೆರೆಯುವ ತನಕ ಬೆಕ್ಕು ಸಾವು ಬದುಕುಗಳೆರಡೂ ಬೆರೆತ ಸ್ಥಿತಿಯಲ್ಲಿರಬೇಕು! ಇದನ್ನು ಅವರು ಹೇಳಿದ್ದು ಅಪಹಾಸ್ಯಕ್ಕೆ. ಇಂದು ಅದನ್ನೇ ಸಿದ್ಧಾಂತವೆಂದು ಬಗೆಯುವವರು ಬಹಳ ಮಂದಿ.

ಆ ಚಳಿಗಾಲದಲ್ಲಿ ಬಾರ್ನ್ ಎಲ್ಲಿದ್ದರು ಬಲ್ಲಿರಾ? ನಮ್ಮ ಬೆಂಗಳೂರಿನಲ್ಲಿ! ಯೆಹೂದಿಯೆಂಬ ಕಾರಣಕ್ಕೆ 1933ರಲ್ಲಿ ಗಟಿಂಗೆನ್ನಿನ ಹುದ್ದೆ ಕಳೆದುಕೊಂಡಿದ್ದ ಅವರನ್ನು ಸಿ. ವಿ. ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. ಸುಮಾರು ಆರು ತಿಂಗಳು ಅವರು ಇಲ್ಲಿ ಉಪನ್ಯಾಸ ಕೊಟ್ಟರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ನರ ಹಟ. ಆದರೆ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೇಕೆ ಎಂಬರ್ಥದ ಮಾತಾಡಿದರು. ಬಾರ್ನ್ ಎದುರಿಗೇ ಕುಳಿತಿದ್ದರು. ಪ್ರಸ್ತಾಪ ಕೈಗೂಡಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋದ ಪೀಠಕ್ಕೆ ಹೋದರು. ಆ 'ಎರಡನೆಯ ದರ್ಜೆ'ಗೆ 1954ರಲ್ಲಿ ನೊಬೆಲ್ ಬಂದಿತು, ಅದೂ ಮುಖ್ಯವಾಗಿ ಆ 1926ರ ವಿಚಾರಕ್ಕೇ. ನಾವು ಕಳೆದುಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಿರಿಯರ ನ್ಯಾಯ ಬಸ್ಸಿಗೆ ಸಲ್ಲುತ್ತದೆ. ಕಣಗಳಿಗೆ ಅಷ್ಟು ಸುಲಭವಾಗಿ ಸಲ್ಲದು. ಜೋಡಿ ಕಣಗಳು ದೂರ ಸರಿದಿದ್ದರೂ ಉತ್ತರವನ್ನು ಮೊದಲೇ ಮಡಿಲಲ್ಲಿಟ್ಟುಕೊಂಡಿರುತ್ತವೆ, ಒಂದನ್ನೊಂದು ಮುಟ್ಟುವುದಿಲ್ಲ ಎಂಬ ಸರಳ ಸಮಾಧಾನವನ್ನು ಪರೀಕ್ಷಿಸುವ ಹಾದಿಯನ್ನು 1964ರಲ್ಲಿ ಜಾನ್ ಬೆಲ್ ತೋರಿದರು. ಪ್ರಯೋಗಗಳು ಆ ಸಮಾಧಾನವನ್ನು ಒಪ್ಪಲಿಲ್ಲ. 2022ರ ನೊಬೆಲ್ ಅಂಥ ಪ್ರಯೋಗಗಳಿಗೇ ಸಂದಿತು.

ಬಸ್ಸು ರಾತ್ರಿ ಒಂಬತ್ತಕ್ಕೆ ಬಂದಿತು. ಕುಸಿತಕ್ಕೆ ಮೊದಲೇ ದಾಟಿ, ಘಾಟಿಯ ಬುಡದಲ್ಲಿ ಟಯರು ಕೆಟ್ಟು ನಿಂತಿತ್ತಂತೆ.