ಒಪ್ಪಿಕೊಂಡ ಮೇಲೂ ಉಳಿಯುವ ಪ್ರಶ್ನೆ

“ತಾನೇ ಒಪ್ಪಿಕೊಂಡ ಮೇಲೆ ಬೇರೆ ಸಾಕ್ಷಿ ಏತಕ್ಕೆ?” ಎಂಬುದು ಲೋಕದ ಮಾತು. ಮಾಡದ ತಪ್ಪನ್ನು ಮಾಡಿದೆನೆಂದು ಯಾರು ತಾನೇ ಹೇಳಿಯಾರು? ಈ ನಂಬಿಕೆಯಿಂದ ಎಷ್ಟೋ ಮಂದಿ ನಿರಪರಾಧಿಗಳು ಸೆರೆಮನೆ ಕಂಡಿದ್ದಾರೆ. ಆ ನಂಬಿಕೆಯನ್ನು ಅಲುಗಿಸಿದವರಲ್ಲಿ ಐಸ್‌ಲ್ಯಾಂಡಿನ ಗಿಸ್ಲಿ ಗುಡ್‌ಯೋನ್ಸನ್ ಪ್ರಮುಖರು.

1947ರಲ್ಲಿ ಹುಟ್ಟಿದ ಗುಡ್‌ಯೋನ್ಸನ್ ತಾರುಣ್ಯದಲ್ಲಿ ರೇಕ್ಯಾವಿಕ್ ನಗರದ ಪತ್ತೇದಾರರಾಗಿದ್ದರು. ಒಮ್ಮೆ ಹೆಂಗಸೊಬ್ಬಳ ಹಣದ ಚೀಲ ಕಳವಾಯಿತೆಂಬ ದೂರು ಬಂದಿತು. ಅವಳೊಡನೆ ಕುಡಿಯುತ್ತಿದ್ದವನನ್ನು ಇವರು ಪ್ರಶ್ನಿಸಿದರು. ಅಮಲಿನಲ್ಲಿ ನಡೆದದ್ದೇನೂ ನೆನಪಿಲ್ಲದ ಆತ, ತಾನೇ ಕದ್ದಿರಬೇಕೆಂದು ಒಪ್ಪಿಕೊಂಡನು. ಆಮೇಲೆ ನೋಡಿದರೆ ಚೀಲ ಕಳುವೇ ಆಗಿರಲಿಲ್ಲ! ಹೊಡೆತವಿಲ್ಲ, ಬೆದರಿಕೆಯಿಲ್ಲ, ಆದರೂ ಸುಳ್ಳು ತಪ್ಪೊಪ್ಪಿಗೆ ಹುಟ್ಟಿತ್ತು. ಬೇರೊಬ್ಬರಾಗಿದ್ದರೆ ನಕ್ಕು ಮರೆಯುತ್ತಿದ್ದರೇನೋ. ಗುಡ್‌ಯೋನ್ಸನ್‌ರಿಗೆ ಅದು ಬಾಳಿನ ಪ್ರಶ್ನೆಯಾಯಿತು.

ಅವರು ಇಂಗ್ಲೆಂಡಿನಲ್ಲಿ ಮನಶ್ಶಾಸ್ತ್ರ ಓದಿ, 1980ರಲ್ಲಿ ಲಂಡನ್ನಿನ ಮನೋವೈದ್ಯ ಸಂಸ್ಥೆಯನ್ನು ಸೇರಿದರು. 1984ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ ಬಹು ಸರಳ. ಒಂದು ಕಥೆ ಓದಿ ಹೇಳುವುದು. ಇಪ್ಪತ್ತು ಪ್ರಶ್ನೆ ಕೇಳುವುದು. ಅವುಗಳಲ್ಲಿ ಹದಿನೈದು ದಾರಿ ತಪ್ಪಿಸುವಂಥವು. ಬಳಿಕ “ತಪ್ಪು ಮಾಡಿದ್ದೀರಿ” ಎಂದು ಗದರಿಸಿ ಮತ್ತೆ ಅವನ್ನೇ ಕೇಳುವುದು. ಯಾರು ಎಷ್ಟು ಬೇಗ ಪರರ ಮಾತಿಗೆ ಮಣಿಯುತ್ತಾರೆಂಬುದು ಆಗ ಅಳತೆಗೆ ಸಿಕ್ಕುತ್ತದೆ.

ಈ ಅಳತೆ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಬಾಂಬು ಸ್ಫೋಟಗಳಲ್ಲಿ 21 ಜನ ಸತ್ತರು. ಆರು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದರು. 1987ರಲ್ಲಿ ಗುಡ್‌ಯೋನ್ಸನ್ ಆರೂ ಮಂದಿಯನ್ನು ಪರೀಕ್ಷಿಸಿದಾಗ, ಸಹಿ ಹಾಕದ ಇಬ್ಬರೇ ಎಲ್ಲರಿಗಿಂತ ಗಟ್ಟಿ ಮನಸ್ಸಿನವರೆಂದು ಕಂಡುಬಂದಿತು. 1991ರಲ್ಲಿ ಆರು ಮಂದಿಯೂ ಬಿಡುಗಡೆಯಾದರು. ಅದೇ ವರ್ಷ ಮತ್ತೊಂದು ಮೊಕದ್ದಮೆಯಲ್ಲಿ, ಆಪಾದಿತನ ಮನಸ್ಸಿನ ದೌರ್ಬಲ್ಯದ ಬಗೆಗೆ ಮನಶ್ಶಾಸ್ತ್ರಜ್ಞರ ಸಾಕ್ಷ್ಯವನ್ನು ಮೇಲ್ಮನವಿ ನ್ಯಾಯಾಲಯ ಮಾನ್ಯ ಮಾಡಿತು. ಠಾಣೆಯಲ್ಲಿ ವಿಚಾರಣೆಗೊಳಗಾಗುವ ದುರ್ಬಲರನ್ನು ಕುರಿತ ಅವರ ಅಧ್ಯಯನ 1993ರಲ್ಲಿ ಬ್ರಿಟನ್ನಿನ ರಾಯಲ್ ಆಯೋಗಕ್ಕೆ ಸಂದಿತು. ಠಾಣೆಯಲ್ಲಿ ಹುಟ್ಟಿದ ಸಂಶಯ ಹೀಗೆ ಸರಕಾರದ ನೀತಿಯವರೆಗೆ ನಡೆಯಿತು.

ಕೊನೆಗೆ ಹುಟ್ಟೂರೇ ಅವರನ್ನು ಕರೆಯಿತು. 1974ರಲ್ಲಿ ಐಸ್‌ಲ್ಯಾಂಡಿನಲ್ಲಿ ಇಬ್ಬರು ಕಾಣೆಯಾಗಿದ್ದರು. ಶವಗಳು ಇಂದಿಗೂ ಸಿಕ್ಕಿಲ್ಲ. ಆದರೂ ತಪ್ಪೊಪ್ಪಿಗೆಗಳ ಬಲದಿಂದಲೇ ಐವರಿಗೆ ಶಿಕ್ಷೆಯಾಗಿ, 1980ರಲ್ಲಿ ಪರಮೋಚ್ಚ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥರೆಂದಿತ್ತು. ಒಬ್ಬನು ಆರುನೂರಕ್ಕೂ ಮಿಕ್ಕ ದಿನ ಒಂಟಿ ಸೆರೆಯಲ್ಲಿದ್ದನು. ಅವನು ಸತ್ತ ಮೇಲೆ ಅವನ ದಿನಚರಿ ಗುಡ್‌ಯೋನ್ಸನ್‌ರ ಕೈ ಸೇರಿತು. 2011ರಲ್ಲಿ ಸರಕಾರ ನೇಮಿಸಿದ ತಂಡದಲ್ಲಿ ಅವರೂ ಇದ್ದು, ಆ ತಪ್ಪೊಪ್ಪಿಗೆಗಳು ನಂಬಲರ್ಹವಲ್ಲವೆಂದು ತೋರಿಸಿದರು. 2018ರಲ್ಲಿ ಐವರೂ ನಿರ್ದೋಷಿಗಳೆಂದು ತೀರ್ಪಾಯಿತು. ಅಷ್ಟರಲ್ಲಿ ಇಬ್ಬರು ತೀರಿಹೋಗಿದ್ದರು.

ಪೋಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಿಗೆ ತರಬಾರದೆಂದು ನಮ್ಮ 1872ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನೂ ಆ ವಿವೇಕವನ್ನು ಉಳಿಸಿಕೊಂಡಿದೆ. ಆದರೆ ಬಾಯಿಂದ ಸತ್ಯ ಹೊರಡಿಸುವ ಹಂಬಲ ಬೇರೆ ವೇಷದಲ್ಲಿಯೂ ಬರುತ್ತದೆ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ನಕ್ಷೆ ಇವುಗಳಿಗೆ ಯಾರನ್ನೂ ಇಚ್ಛೆಗೆ ವಿರುದ್ಧವಾಗಿ ಒಳಪಡಿಸಕೂಡದೆಂದು ತಡೆಯಬೇಕಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಸ್ವತಃ ಕೇಳಿಸಿಕೊಂಡ ತಪ್ಪೊಪ್ಪಿಗೆಯನ್ನೂ ಪ್ರಮಾಣಿಸಿ ನೋಡಬೇಕೆಂಬುದನ್ನು ಆ ತರುಣ ಪತ್ತೇದಾರರು ಒಂದು ಹಣದ ಚೀಲದಿಂದ ಕಲಿತರು. ನ್ಯಾಯಾಲಯಗಳು ಕಲಿಯುವ ಹೊತ್ತಿಗೆ ಕೆಲವರ ಆಯುಷ್ಯವೇ ಮುಗಿದಿತ್ತು.